ಹದ ತಪ್ಪುವ ಮುನ್ನ



ಈ ದತ್ತಿ ಉಪನ್ಯಾಸ ಯಾರ ನೆನಪಿನಲ್ಲಿದೆಯೋ ಆ ಹಿರಿಯ ಹೆಣ್ಣುಮಗಳಿಗೆ ಸ್ವಂತ ಮಕ್ಕಳಿರಲಿಲ್ಲ. ತಮ್ಮಂದಿರ ಮಕ್ಕಳನ್ನೆಲ್ಲ ಎತ್ತಿ ಆಡಿಸಿ ದೊಡ್ಡವರನ್ನಾಗಿ ಮಾಡಿದ್ದು ಅವರೇ ಎಂದು ಮನೆಯವರು ಹೇಳಿದರು. ಮನೆಯಲ್ಲಿ ಕುಬಸವೆಂದರೆ ಹೂರಣ ರುಬ್ಬುವುದರಿಂದ ಹಿಡಿದು ಬಂದವರಿಗೆ ಎಲೆ ಹಾಕುವ ತನಕ ಎಲ್ಲ ಕೆಲಸವೂ ಅವರದೇ. ಬಸುರಿಗೆ ಉಡಿ ತುಂಬುವ ಹೊತ್ತಿಗೆ ಮಾತ್ರ ಹಿತ್ತಲಿಗೆ ಹೋಗಿ ಪಾತ್ರೆ ತಿಕ್ಕುತ್ತ ಕೂಡುತ್ತಿದ್ದರಂತೆ. ಹೋಗು ಅಂತ ಯಾರೂ ಅನ್ನುತ್ತಿರಲಿಲ್ಲ. ಬಾ ಅಂತ ಯಾರೂ ಕರೆಯುತ್ತಲೂ ಇರಲಿಲ್ಲ. ನನ್ನ ಇವತ್ತಿನ ವಿಷಯ ಬರೀ ಲ್ಯಾಬಿನದು ಎಂದು ನಿಮಗೆ ಅನ್ನಿಸಬಹುದು. ಅದು ಆ ಹಿತ್ತಲಿನ ತನಕ ಹೋಗುತ್ತದೆ. ಅದಕ್ಕೇ ಇದನ್ನು ಆರಿಸಿಕೊಂಡೆ.

ನಾನು ಡಾಕ್ಟರಲ್ಲ, ಎಂಬ್ರಿಯಾಲಜಿಸ್ಟ್. ಐವಿಎಫ್ ಕೇಂದ್ರದಲ್ಲಿ ಡಾಕ್ಟರು ಹೆಣ್ಣಿನ ದೇಹದಿಂದ ಅಂಡಾಣು ತೆಗೆದುಕೊಟ್ಟ ಮೇಲೆ, ಅದು ಭ್ರೂಣವಾಗಿ ಮರಳಿ ಗರ್ಭಕೋಶ ಸೇರುವ ತನಕ ಅದನ್ನು ನೋಡಿಕೊಳ್ಳುವವರು ನಾವು. ಗಂಡ ಹೆಂಡತಿ ನಮ್ಮ ಮುಖ ನೋಡುವುದೇ ಅಪರೂಪ. ಪುಣೆಯಲ್ಲಿ ಈ ಕೆಲಸಕ್ಕೆ ನಿಂತು ಇಪ್ಪತ್ತು ವರ್ಷ ದಾಟಿತು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಇಂಡಿ, ಕಲಬುರಗಿ ಕಡೆಯಿಂದ ಬರುವವರು ಬಹಳ. ರಾತ್ರಿ ರೈಲು ಹತ್ತಿ, ಬೆಳಗಿನ ಜಾವ ಪುಣೆ ಸ್ಟೇಷನ್ನಿನಲ್ಲಿ ಇಳಿದು, ಅಲ್ಲೇ ಮುಖ ತೊಳೆದುಕೊಂಡು ನೇರವಾಗಿ ಆಸ್ಪತ್ರೆಗೆ ಬರುತ್ತಾರೆ. ಅವರಿಗೆ ಮರಾಠಿ ಬರುತ್ತದೆ. ಆದರೆ ಸಂಕಟದ ಮಾತು ಬಂತೆಂದರೆ ಕನ್ನಡಕ್ಕೆ ಹೊರಳುತ್ತಾರೆ. ಆಗ ಲ್ಯಾಬಿನಿಂದ ನನ್ನನ್ನು ಕರೆಸುತ್ತಾರೆ.

ಹಾಗೆ ಕರೆಸಿದ ಒಂದು ಬೆಳಿಗ್ಗೆ. ಆ ಹೆಣ್ಣುಮಗಳ ಹೆಸರು, ಊರು ಬೇಡ. ಹಿಂದಿನ ದಿನ ಆಕೆಗೆ ಹನ್ನೊಂದು ಅಂಡಾಣು ಸಿಕ್ಕಿದ್ದವು. ಗಂಡನ ವೀರ್ಯದ ಪರೀಕ್ಷೆ ಸರಿಯಾಗಿತ್ತು. ಹಾಗಾಗಿ ಮಾಮೂಲಿ ಕ್ರಮದಲ್ಲೇ ಅಂಡಾಣುಗಳ ಸುತ್ತ ವೀರ್ಯಾಣುಗಳನ್ನು ಬಿಟ್ಟು ಇನ್‌ಕ್ಯುಬೇಟರಿನಲ್ಲಿ ಇಟ್ಟಿದ್ದೆವು. ಬೆಳಿಗ್ಗೆ ಎಂಟಕ್ಕೆ ತೆಗೆದು ನೋಡಿದರೆ ಹನ್ನೊಂದರಲ್ಲಿ ಒಂದೂ ಫಲಿತವಾಗಿರಲಿಲ್ಲ. ಇಬ್ಬರೂ ಸ್ಟೇಷನ್ ಹತ್ತಿರದ ಲಾಜಿನಿಂದ ಬಂದು ಬೆಂಚಿನ ಮೇಲೆ ಕೂತಿದ್ದರು.

“ಒಂದೂ ಕೂಡಲಿಲ್ಲೇನ್ರಿ ಅಕ್ಕಾರ?”

“ಒಂದೂ ಇಲ್ಲ ತಂಗಿ.”

ಗಂಡ ನೆಲ ನೋಡುತ್ತಲೇ ಕೇಳಿದ. “ಸೂಜೀಲೆ ಮಾಡೂದು ಅಂತ ಏನೋ ಐತಂತಲ್ಲರಿ. ಈಗ ಅದನ್ನ ಮಾಡಾಕ ಬರೂದಿಲ್ಲೇನು?”

ಬರುತ್ತದೆ, ಆದರೆ ಹೊತ್ತು ಮೀರಿದೆ, ಮಾಡಿದರೂ ಆಸೆ ಕಡಿಮೆ ಎಂದೆ. ಆಗ ಆಕೆ ನನ್ನ ಮುಖ ನೋಡಿ ಕೇಳಿದಳು: “ನಿನ್ನೇನ ಕೇಳಿದ್ರ ನಾವು ಬ್ಯಾಡ ಅಂತಿದ್ವೇನ್ರಿ?”

ಆಗ ನಾನಿದ್ದ ಕೇಂದ್ರದಲ್ಲಿ ಅವರನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಇವತ್ತು ನಾನು ಏನು ಮಾತಾಡಿದರೂ ಅದು ಆ ಪ್ರಶ್ನೆಯ ಬೆನ್ನು ಹತ್ತಿಯೇ.

ಮೊದಲು ಡಿಶ್ಶಿನಲ್ಲಿ ಏನಾಗುತ್ತದೆ ಎಂದು ಹೇಳುತ್ತೇನೆ. ಅಂಡಾಣು ಪಕ್ವವಾಗಲೆಂದು ಕೊನೆಯ ಇಂಜೆಕ್ಷನ್ ಕೊಟ್ಟು ಸುಮಾರು 36 ಗಂಟೆಗೆ ಅದನ್ನು ಹೊರತೆಗೆಯುತ್ತಾರೆ. ಸೋಮವಾರ ರಾತ್ರಿ ಹತ್ತಕ್ಕೆ ಇಂಜೆಕ್ಷನ್ ಆದರೆ ಬುಧವಾರ ಬೆಳಿಗ್ಗೆ ಹತ್ತಕ್ಕೆ ಅಂಡಾಣು ನಮ್ಮ ಕೈಯಲ್ಲಿ. ಅದರ ಅಗಲ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು. ಸುತ್ತ ಮೋಡದ ಹಾಗೆ ಸಣ್ಣ ಜೀವಕೋಶಗಳ ಮುಸುಕು, ಅದರ ಒಳಗೆ ಗಾಜಿನಂಥ ದಪ್ಪ ಕವಚ, ಅದರೊಳಗೆ ತೆಳು ಪೊರೆ. ಮಧ್ಯಾಹ್ನ ಎರಡರ ಸುಮಾರಿಗೆ ಹತ್ತಾರು ಸಾವಿರ ವೀರ್ಯಾಣುಗಳನ್ನು ಅದರ ಪಕ್ಕ ಬಿಡುತ್ತೇವೆ. ಒಂದು ಒಳಹೊಕ್ಕರೆ ಉಳಿದವಕ್ಕೆ ಬಾಗಿಲು ಮುಚ್ಚುತ್ತದೆ. ಮರುದಿನ ಬೆಳಿಗ್ಗೆ, ಅಂದರೆ 16ರಿಂದ 18 ಗಂಟೆಯ ಹೊತ್ತಿಗೆ, ಅಂಡಾಣುವಿನ ನಡುವೆ ಎರಡು ದುಂಡನೆಯ ಬಿಂಬಗಳು ಒಂದಕ್ಕೊಂದು ಒರಗಿ ನಿಂತಿರುತ್ತವೆ. ಒಂದು ತಾಯಿಯದು, ಒಂದು ತಂದೆಯದು. ಇಷ್ಟು ವರ್ಷವಾದರೂ ಅದನ್ನು ಕಂಡಾಗ ನನ್ನ ಉಸಿರು ಒಂದು ಕ್ಷಣ ನಿಲ್ಲುತ್ತದೆ.

ಎಲ್ಲವೂ ಸರಿಯಿದ್ದರೂ ಅವು ಕಾಣಿಸದ ಬೆಳಗುಗಳಿವೆ. ಮಾಮೂಲಿ ಐವಿಎಫ್‌ನ ನೂರು ಪ್ರಯತ್ನಗಳಲ್ಲಿ ಸುಮಾರು ಐದರಿಂದ ಹತ್ತರಲ್ಲಿ ಒಂದು ಅಂಡಾಣುವೂ ಫಲಿತವಾಗುವುದಿಲ್ಲ. ವೀರ್ಯಾಣು ಎಣಿಕೆಯಲ್ಲಿ ಚೆನ್ನಾಗಿದ್ದು, ಈಜಿನಲ್ಲಿ ಚೆನ್ನಾಗಿದ್ದು, ಕವಚಕ್ಕೆ ಅಂಟಿಕೊಳ್ಳಲಾರದೆ ಹೋಗಬಹುದು. ಅಂಟಿಕೊಂಡರೂ ಕೊರೆದು ಒಳಹೋಗದಿರಬಹುದು. ಅಂಡಾಣುವೇ ಪೂರ್ತಿ ಪಕ್ವವಾಗಿರದಿರಬಹುದು. ರಿಪೋರ್ಟಿನ ಕಾಗದದಲ್ಲಿ ಇದಾವುದೂ ಮೊದಲೇ ಕಾಣುವುದಿಲ್ಲ.

ಇಂಥ ಕಡೆ ನೆರವಿಗೆ ಬರುವುದು ಆ ಗಂಡ ಕೇಳಿದ ಸೂಜಿ, ನಾವು ಇಕ್ಸಿ ಎನ್ನುವ ಕ್ರಮ. ಅದು ಹುಟ್ಟಿದ್ದೂ ಒಂದು ಕೈತಪ್ಪಿನಿಂದ. ಬ್ರಸೆಲ್ಸ್‌ನ ವಿಶ್ವವಿದ್ಯಾಲಯದಲ್ಲಿ ಇಟಲಿಯ ಜಾನ್‌ಪಿಯೆರೊ ಪಲೆರ್ಮೊ ವೀರ್ಯಾಣುವನ್ನು ಕವಚದ ಕೆಳಗೆ, ಪೊರೆಯ ಹೊರಗೆ ಇಡುವ ಪ್ರಯೋಗ ಮಾಡುತ್ತಿದ್ದರು. ಸೂಜಿ ಒಮ್ಮೆ ಪೊರೆಯನ್ನೂ ಚುಚ್ಚಿ ಒಳಗೆ ಹೋಯಿತು. ಹಾಳಾಯಿತೆಂದು ಎಸೆಯದೆ ಅದನ್ನು ಬೇರೆಯಾಗಿ ಗಮನಿಸಿದರು, ಅದು ಫಲಿತವಾಯಿತು. ಈ ಕ್ರಮದಿಂದ ಮೊದಲ ಮಗು 1992ರ ಜನವರಿ 14ರಂದು ಹುಟ್ಟಿತು. ಅದೇ ವರ್ಷ ಜುಲೈಯಲ್ಲಿ ‘ಲ್ಯಾನ್ಸೆಟ್’ನಲ್ಲಿ ಲೇಖನ ಬಂತು. ಅಲ್ಲಿಯ ತನಕ, ವೀರ್ಯಾಣು ತೀರಾ ಕಡಿಮೆಯಿದ್ದ ಗಂಡಸರಿಗೆ ಸ್ವಂತ ಮಗುವಿನ ದಾರಿಯೇ ಇರಲಿಲ್ಲ ಅನ್ನಬೇಕು.

ಕೆಲಸ ಹೇಗೆ ನಡೆಯುತ್ತದೆ ಗೊತ್ತೇ? ಮೈಕ್ರೋಸ್ಕೋಪಿನ ಎಡಕ್ಕೆ ಮೊಂಡು ಮೂತಿಯ ಗಾಜಿನ ನಳಿಕೆ, ಅದು ಅಂಡಾಣುವನ್ನು ಮೆಲ್ಲಗೆ ಹೀರಿ ಹಿಡಿದಿರುತ್ತದೆ. ಬಲಕ್ಕೆ ಸೂಜಿ. ಅದರ ಒಳಗಿನ ಅಗಲ ನಮ್ಮ ತಲೆಗೂದಲಿನ ಹತ್ತನೇ ಒಂದು ಪಾಲಿಗಿಂತ ಹೆಚ್ಚೇನಿಲ್ಲ. ಮಂದವಾದ ದ್ರವದಲ್ಲಿ ನಿಧಾನವಾಗಿ ಈಜುವ ವೀರ್ಯಾಣುಗಳಲ್ಲಿ ಒಂದನ್ನು ಆರಿಸಿ, ಅದರ ಬಾಲದ ಮೇಲೆ ಸೂಜಿಯಿಂದ ಒತ್ತಿ ಎಳೆದರೆ ಅದು ನಿಲ್ಲುತ್ತದೆ. ಅದನ್ನು ಹೀರಿಕೊಂಡು ಅಂಡಾಣುವಿನ ಹತ್ತಿರ ಬರುತ್ತೇವೆ. ಕವಚ ದಾಟಿದ ಮೇಲೆ ಪೊರೆ ತಕ್ಷಣ ಹರಿಯುವುದಿಲ್ಲ. ಸೂಜಿಯ ಜೊತೆಗೇ ಒಳಕ್ಕೆ ಬಾಗಿ, ಆಲಿಕೆಯ ಹಾಗೆ ಜಗ್ಗುತ್ತ ಹೋಗುತ್ತದೆ. ಒಂದು ಚೂರು ಒಳದ್ರವವನ್ನು ಹಿಂದಕ್ಕೆ ಎಳೆದಾಗ ಪಟಕ್ಕನೆ ಬಿಟ್ಟುಕೊಡುತ್ತದೆ. ಅದು ಬಿಟ್ಟುಕೊಟ್ಟದ್ದು ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ. ಆಗ ವೀರ್ಯಾಣುವನ್ನು ಅಲ್ಲಿಟ್ಟು ಸೂಜಿಯನ್ನು ಹೊರತೆಗೆಯಬೇಕು.

ಆ ದಿನವೂ ಮಾಡಿದೆವು. ಅವರು ಮಾಡ್ರಿ ಎಂದರು. ಬೆಳಿಗ್ಗೆ ಹತ್ತರ ಸುಮಾರಿಗೆ, ಆ ಅಂಡಾಣುಗಳು ದೇಹ ಬಿಟ್ಟು ಒಂದು ದಿನವಾದ ಮೇಲೆ, ಸೂಜಿ ಹಿಡಿದೆ. ಪೊರೆ ಜಗ್ಗಲೇ ಇಲ್ಲ. ಮುಟ್ಟಿದ ಕೂಡಲೇ ಹಳೆಯ ಬಟ್ಟೆಯ ಹಾಗೆ ಹರಿಯಿತು. ಮೂರು ಫಲಿತವಾದ ಹಾಗೆ ಕಂಡವು. ಎರಡು ದಿನ ಒಡೆದು ಬೆಳೆದು ಅಲ್ಲೇ ನಿಂತವು.

ನಮ್ಮ ಎರೆ ಹೊಲದಲ್ಲಿ ಹಿಂಗಾರಿ ಜೋಳ ಬಿತ್ತುವವರಿಗೆ ಹದ ಅಂದರೇನೆಂದು ಹೇಳಿಕೊಡಬೇಕಾಗಿಲ್ಲ. ಮಣ್ಣಿನಲ್ಲಿ ಹಸಿ ಇರುವ ಆ ನಾಲ್ಕು ದಿನ ಕೂರಿಗೆ ಹೂಡಬೇಕು. ಸಾಲಿನಲ್ಲಿ ಕೆಲವು ಕಡೆ ಕಾಳು ಹುಸಿ ಹೋದರೆ ಹಸಿ ಆರುವ ಮೊದಲೇ ಕೈಯಿಂದ ಒಂದೊಂದೇ ಕಾಳು ಊರಬೇಕು. ಹದ ತಪ್ಪಿದ ಮೇಲೆ ಊರಿದ್ದು ಹುಟ್ಟಿದರೂ ತೆನೆ ಹಿಡಿಯುವುದಿಲ್ಲ. ಮಾಮೂಲಿ ಐವಿಎಫ್ ಕೂರಿಗೆಯಿದ್ದಂತೆ. ಇಕ್ಸಿ ಕಾಳು ಊರಿದಂತೆ. ಮರುದಿನದ ಇಕ್ಸಿ ಹದ ತಪ್ಪಿದ ಮೇಲಿನ ಊರುವಿಕೆ.

ಈ ಹೋಲಿಕೆಗೆ ಒಂದು ಬೇಲಿ ಹಾಕಬೇಕು. ಗಂಡಸು ಬೀಜ, ಹೆಂಗಸು ಹೊಲ ಎಂಬ ಹಳೆಯ ಮಾತಿದೆಯಲ್ಲ, ಅದು ಶುದ್ಧ ಸುಳ್ಳು. ಅಂಡಾಣು ಮಣ್ಣಲ್ಲ, ಅದೂ ಅರ್ಧ ಬೀಜವೇ. ಆ ಸುಳ್ಳಿನಿಂದಲೇ ಬೆಳೆ ಬಾರದಿದ್ದರೆ ಹೊಲವನ್ನು ಬಯ್ಯುವ ರೂಢಿ ಬಂದದ್ದು. ನನ್ನ ಮೈಕ್ರೋಸ್ಕೋಪಿನ ಕೆಳಗೆ, ಸುತ್ತ ಸಾವಿರಾರು ವೀರ್ಯಾಣುಗಳಿದ್ದೂ ಕವಚಕ್ಕೆ ಒಂದೂ ಅಂಟಿಕೊಳ್ಳದ ಅಂಡಾಣುಗಳನ್ನು ಎಷ್ಟೋ ಸಲ ಕಂಡಿದ್ದೇನೆ. ಆ ಬೆಳಿಗ್ಗೆ ಬೆಂಚಿನ ಮೇಲೆ ಕೂತಿದ್ದವರ ಮನೆಯಲ್ಲೂ ಬಂಜೆ ಎನ್ನಿಸಿಕೊಂಡವಳು ಹೆಂಡತಿಯೇ.

ಹದ ತಪ್ಪುವುದು ಯಾಕೆ? ಪಕ್ವ ಅಂಡಾಣುವಿನ ಒಳಗೆ ವರ್ಣತಂತುಗಳನ್ನು ಸಾಲಾಗಿ ಹಿಡಿದು ನಿಲ್ಲಿಸಿರುವ ಸೂಕ್ಷ್ಮ ನೂಲುಗಳ ಹಂದರವಿದೆ. ಗಂಟೆಗಳು ಕಳೆದಂತೆ ಅದು ಸಡಿಲವಾಗುತ್ತದೆ. ಆಮೇಲೆ ವೀರ್ಯಾಣುವನ್ನು ಒಳಗಿಟ್ಟರೂ ವರ್ಣತಂತುಗಳ ಹಂಚಿಕೆಯಲ್ಲಿ ತಪ್ಪಾಗುತ್ತದೆ. ಇನ್ನೊಂದು ತೊಡಕೂ ಇದೆ. ಮರುದಿನ ಮಾಡಿದ ಭ್ರೂಣ ಒಂದು ದಿನ ಹಿಂದುಳಿದಿರುತ್ತದೆ, ಗರ್ಭಕೋಶದ ಒಳಪದರ ಮಾತ್ರ ತನ್ನ ಲೆಕ್ಕದಲ್ಲಿ ಮುಂದೆ ನಡೆದಿರುತ್ತದೆ. ಈ ಎರಡನೆಯ ತೊಡಕಿಗೆ ಮದ್ದುಂಟು. ಭ್ರೂಣವನ್ನು ಹೆಪ್ಪುಗಟ್ಟಿಸಿಟ್ಟು, ಮುಂದಿನ ತಿಂಗಳುಗಳಲ್ಲಿ ಒಳಪದರವನ್ನು ಹೊಂದಿಸಿಕೊಂಡು ಇಡಬಹುದು. ಹಾಗೆ ಕಾದಿಡುವುದರಲ್ಲಿ ಎಷ್ಟು ಬಲವಿದೆ ಎಂದು ಈ ಪುಣೆಯೇ ಕಂಡಿದೆ. 2017ರ ಮೇ ತಿಂಗಳಲ್ಲಿ ಗ್ಯಾಲಕ್ಸಿ ಕೇರ್ ಆಸ್ಪತ್ರೆಯಲ್ಲಿ ಡಾ. ಶೈಲೇಶ್ ಪುಣತಾಂಬೇಕರ್ ಅವರ ತಂಡ ಭಾರತದ ಮೊದಲ ಗರ್ಭಕೋಶ ಕಸಿ ಮಾಡಿತು. ಕಸಿ ಮಾಡಿದ ಗರ್ಭಕೋಶಕ್ಕೆ ಅಂಡನಾಳದ ಸಂಬಂಧ ಇರುವುದಿಲ್ಲ. ಆದ್ದರಿಂದ ಐವಿಎಫ್‌ನಿಂದಲೇ ಭ್ರೂಣ ಮಾಡಿ, ಮೊದಲೇ ಹೆಪ್ಪುಗಟ್ಟಿಸಿ ಇಟ್ಟಿರಬೇಕು. ಅಲ್ಲಿಯ ಮೊದಲ ಮಗು 2018ರ ಅಕ್ಟೋಬರ್ 18ರಂದು ಹುಟ್ಟಿತು. ಆದರೆ ಭ್ರೂಣ ಚೆನ್ನಾಗಿದ್ದರೆ ತಾನೇ ಕಾದಿಡುವುದು? ಸಡಿಲವಾದ ಹಂದರವನ್ನು ಯಾವ ತಂಪೂ ಬಿಗಿ ಮಾಡುವುದಿಲ್ಲ.

ಹಾಗಾದರೆ ಬೆಳಗಾಗುವ ತನಕ ಕಾಯುವುದೇ ಯಾಕೆ? ವೀರ್ಯಾಣು ಒಳಹೊಕ್ಕ ಕೆಲವೇ ಗಂಟೆಗಳಲ್ಲಿ ಅಂಡಾಣು ಒಂದು ಸಣ್ಣ ಗುಳಿಗೆಯನ್ನು ಹೊರಕ್ಕೆ ತಳ್ಳುತ್ತದೆ. ಪಕ್ವವಾದಾಗ ತಳ್ಳಿದ್ದು ಒಂದು, ಈಗಿನದು ಎರಡನೆಯದು. ಎರಡು ಗುಳಿಗೆ ಕಂಡರೆ ಕೂಡಿತು ಎಂದರ್ಥ. ಸಿಂಗಪುರದ ಚೆನ್ ಮತ್ತು ಕಟ್ಟೇರ 2003ರಲ್ಲಿ ಇದನ್ನೇ ಹಿಡಿದು ಹೊರಟರು. ಆರನೇ ಗಂಟೆಗೆ ಮುಸುಕು ಬಿಡಿಸಿ ನೋಡಿ, ಎರಡನೆಯ ಗುಳಿಗೆ ಇಲ್ಲದ ಅಂಡಾಣುಗಳಿಗೆ ಅಂದೇ ಇಕ್ಸಿ ಮಾಡಿದರು. ಮರುದಿನ ಮಾಡಿದ್ದಕ್ಕಿಂತ ಫಲ ಎಷ್ಟೋ ಮೇಲಾಯಿತು. ಚೀನಾದ ಅನೇಕ ಕೇಂದ್ರಗಳಲ್ಲಿ ಈಗ ಇದು ರೂಢಿ.

ಇದರಲ್ಲೂ ಅಪಾಯವಿದೆ. ಮೊದಲ ಗುಳಿಗೆಯೇ ಒಡೆದು ಎರಡಾಗಿರಬಹುದು. ಕೂಡದೇ ಇದ್ದದ್ದನ್ನು ಕೂಡಿತೆಂದು ಬಿಟ್ಟುಬಿಡುತ್ತೇವೆ. ಇಲ್ಲವೇ ವೀರ್ಯಾಣು ಆಗಲೇ ಒಳಗಿದ್ದು ಗುಳಿಗೆ ತಡವಾಗಿ ಬರುತ್ತಿರಬಹುದು. ಆಗ ಇನ್ನೊಂದನ್ನು ಚುಚ್ಚಿಟ್ಟರೆ ಬೆಳಿಗ್ಗೆ ಎರಡರ ಬದಲು ಮೂರು ಬಿಂಬ ಕಾಣುತ್ತವೆ. ಅಂಥ ಭ್ರೂಣವನ್ನು ಬಳಸುವ ಹಾಗಿಲ್ಲ. ನುರಿತ ಕಣ್ಣು ಬೇಕು. ಮಧ್ಯಾಹ್ನ ಎರಡಕ್ಕೆ ಬಿಟ್ಟದ್ದನ್ನು ರಾತ್ರಿ ಎಂಟಕ್ಕೆ ನೋಡಲು, ಬೇಕಾದರೆ ಹತ್ತರ ತನಕ ಸೂಜಿ ಹಿಡಿಯಲು ಒಬ್ಬರು ಲ್ಯಾಬಿನಲ್ಲಿ ಇರಲೂಬೇಕು. ಪಾಳಿ ಮುಗಿಸಿ ಎಲ್ಲರೂ ಸಂಜೆ ಆರಕ್ಕೆ ಮನೆಗೆ ಹೋಗುವ ಕಡೆ ಹದ ಹಿಡಿಯುವವರು ಯಾರು?

ಇಷ್ಟೆಲ್ಲ ಯಾಕೆ, ಎಲ್ಲರಿಗೂ ಮೊದಲೇ ಇಕ್ಸಿ ಮಾಡಿಬಿಟ್ಟರಾಯಿತಲ್ಲ ಎಂದು ಕೇಳುವವರಿದ್ದಾರೆ. ಅನೇಕ ಕಡೆ ಅದೇ ನಡೆದಿದೆ. ಲೋಕದಲ್ಲಿ ನಡೆಯುವ ಐವಿಎಫ್‌ಗಳಲ್ಲಿ ಅರ್ಧಕ್ಕಿಂತ ಎಷ್ಟೋ ಹೆಚ್ಚು ಇಕ್ಸಿಯೇ. ನನಗೆ ಇದು ಒಪ್ಪಿಗೆಯಿಲ್ಲ, ಯಾಕೆಂದು ಹೇಳುತ್ತೇನೆ. ವಿಯೆಟ್ನಾಮಿನ ಹೋಚಿಮಿನ್ ನಗರದಲ್ಲಿ, ಗಂಡನ ವೀರ್ಯದ ಎಣಿಕೆ, ಚಲನೆ ಸರಿಯಿದ್ದ 1,064 ದಂಪತಿಗಳನ್ನು ಎರಡು ಗುಂಪು ಮಾಡಿ ನೋಡಿದರು. 2021ರಲ್ಲಿ ಫಲಿತಾಂಶ ಪ್ರಕಟವಾಯಿತು. ಮೊದಲ ವರ್ಗಾವಣೆಯಲ್ಲಿ ಮಗು ಹುಟ್ಟಿದ್ದು ಇಕ್ಸಿ ಗುಂಪಿನಲ್ಲಿ ನೂರಕ್ಕೆ 35, ಮಾಮೂಲಿ ಗುಂಪಿನಲ್ಲಿ 31. ಸಂಖ್ಯಾಶಾಸ್ತ್ರ ಒಪ್ಪುವಂಥ ಅಂತರ ಅದಲ್ಲ. 2024ರಲ್ಲಿ ಚೀನಾದಿಂದ 2,387 ದಂಪತಿಗಳ ಅಧ್ಯಯನ ಬಂತು. ಗಂಡನ ತೊಂದರೆ ತೀವ್ರವಲ್ಲದ ಕಡೆ ಅಲ್ಲಿಯೂ ಇಕ್ಸಿಯಿಂದ ಹೆಚ್ಚಿನ ಫಲವಿಲ್ಲ. ಇಕ್ಸಿಯಲ್ಲೂ ಕೆಲವೊಮ್ಮೆ ಒಂದೂ ಫಲಿತವಾಗುವುದಿಲ್ಲ. ವೀರ್ಯಾಣು ಒಳಗೆ ತರುವ ಒಂದು ಪ್ರೋಟೀನು ಅಂಡಾಣುವಿನಲ್ಲಿ ಕ್ಯಾಲ್ಸಿಯಂ ಅಲೆ ಎಬ್ಬಿಸಬೇಕು. ಅದು ಏಳದಿದ್ದರೆ ಸೂಜಿ ಏನು ಮಾಡೀತು? ಬ್ರಸೆಲ್ಸ್‌ನಲ್ಲಿ ಮೊದಮೊದಲು ಇಕ್ಸಿಯಿಂದ ಹುಟ್ಟಿದ ಗಂಡುಮಕ್ಕಳು ದೊಡ್ಡವರಾದ ಮೇಲೆ 54 ಮಂದಿಯನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು. ಅವರ ವೀರ್ಯಾಣು ಎಣಿಕೆ ಓರಗೆಯವರಿಗಿಂತ ಕಡಿಮೆಯಿತ್ತು. ಅಪ್ಪನ ತೊಂದರೆಯೇ ಮಗನಿಗೆ ಬಂದಿರಬಹುದು, ಅದರಲ್ಲಿ ಸೂಜಿಯ ತಪ್ಪಿಲ್ಲ. ಆದರೂ ಬೇಕಿಲ್ಲದ ಕಡೆ ಸೂಜಿ ಯಾಕೆ, ಅದರ ಬಿಲ್ಲು ಯಾಕೆ? ಕಾರಣ ತಿಳಿಯದ ಬಂಜೆತನದಲ್ಲಿ, ಅಂಡಾಣುಗಳು ಸಾಕಷ್ಟಿದ್ದರೆ, ಅರ್ಧಕ್ಕೆ ಇಕ್ಸಿ ಮಾಡಿ ಅರ್ಧವನ್ನು ಮಾಮೂಲಿಗೆ ಬಿಡುವ ಕ್ರಮವೂ ಇದೆ. ನನಗೆ ಅದು ಮೆಚ್ಚುಗೆ.

ಯಾವುದನ್ನು ಆರಿಸುವುದು ಎಂಬುದಕ್ಕಿಂತ ಯಾವಾಗ ಕೇಳುವುದು ಎಂಬುದೇ ನನಗೆ ದೊಡ್ಡದು. ಒಂದೂ ಕೂಡದೆ ಹೋದರೆ ಏನು ಮಾಡೋಣ ಎಂಬ ಪ್ರಶ್ನೆ ಅಂಡಾಣು ತೆಗೆಯುವ ಮೊದಲೇ, ಆಕೆ ಮಂಪರಿನ ಟೇಬಲ್ಲಿಗೆ ಹೋಗುವ ಮೊದಲೇ ಬರಬೇಕು. ಆರನೇ ಗಂಟೆಗೆ ನೋಡುವವರಿದ್ದಾರೋ ಇಲ್ಲವೋ, ಇದ್ದರೆ ನಮ್ಮ ಒಪ್ಪಿಗೆ ಇದೆಯೋ ಇಲ್ಲವೋ, ಖರ್ಚೆಷ್ಟು, ಇಬ್ಬರೂ ಕೂತು ತೀರ್ಮಾನ ಮಾಡುವಷ್ಟು ಹೊತ್ತು ಕೊಡಬೇಕು. ನೆರವಿನ ಸಂತಾನೋತ್ಪತ್ತಿ ಕುರಿತ 2021ರ ಕಾಯ್ದೆ 2022ರ ಜನವರಿ 25ರಿಂದ ಜಾರಿಯಲ್ಲಿದೆ. ಬರವಣಿಗೆಯ ಒಪ್ಪಿಗೆಯಿಲ್ಲದೆ ಚಿಕಿತ್ಸೆ ಕೂಡದು, ಫಲಾಫಲಗಳ ಬಗ್ಗೆ ಮೊದಲೇ ತಿಳಿವಳಿಕೆ ಕೊಡಬೇಕು ಎಂದು ಅದು ಹೇಳುತ್ತದೆ. ಫಾರಂ ಎಲ್ಲ ಕಡೆ ಇದೆ, ರುಜುವೂ ಬೀಳುತ್ತದೆ. ಅದರಲ್ಲಿ ಇರುವುದು ಅವರಿಗೆ ಅರ್ಥವಾಯಿತೇ ಎಂದು ಕೇಳುವವರು ಕಡಿಮೆ.

ಅರ್ಥವಾಗುವ ಮಾತಿನಲ್ಲಿ ಇಂಥದ್ದನ್ನೆಲ್ಲ ಹೇಳುವುದು ಈ ನಾಡಿಗೆ ಹೊಸದೇನಲ್ಲ. ನಮ್ಮಲ್ಲಿ ಹಲವರು ಪುಣೆಯ ಕರ್ವೆ ರಸ್ತೆಯ ಮೇಲೇ ದಿನಾ ಓಡಾಡುತ್ತೇವೆ. ಅದು ಮಹರ್ಷಿ ಧೋಂಡೋ ಕೇಶವ ಕರ್ವೆಯವರ ಹೆಸರಿನ ರಸ್ತೆ. ಅವರ ಮಗ ರಘುನಾಥ ಕರ್ವೆ 1921ರಲ್ಲಿ ಮುಂಬಯಿಯಲ್ಲಿ ಸಂತಾನ ನಿಯಂತ್ರಣದ ಕೇಂದ್ರ ತೆರೆದರು, 1927ರಿಂದ 1953ರಲ್ಲಿ ತೀರಿಕೊಳ್ಳುವ ತನಕ ‘ಸಮಾಜಸ್ವಾಸ್ಥ್ಯ’ ಪತ್ರಿಕೆ ನಡೆಸಿದರು. ಹೆಂಗಸರು ಗಂಡಸರು ಪಿಸುಮಾತಿನಲ್ಲಿ ಕೇಳುವ ಪ್ರಶ್ನೆಗಳಿಗೆ ಅಚ್ಚಮರಾಠಿಯಲ್ಲಿ ಉತ್ತರ ಬರೆದರು. ಅದು ಅಶ್ಲೀಲವೆಂದು ಅವರನ್ನು ಕೋರ್ಟಿಗೆ ಎಳೆದರು. ಅವರ ಪರ ವಾದಿಸಿದವರು ಅಂಬೇಡ್ಕರ್.

ನಿಜವನ್ನು ಹೊತ್ತಿಗೆ ಸರಿಯಾಗಿ ಹೇಳದಿದ್ದರೆ ಏನಾಗುತ್ತದೆಂಬುದಕ್ಕೆ ನಮ್ಮ ಕ್ಷೇತ್ರದಲ್ಲೇ ಒಂದು ನೋವಿನ ಕಥೆಯಿದೆ. ಇಂಗ್ಲೆಂಡಿನಲ್ಲಿ ಮೊದಲ ಪ್ರನಾಳ ಶಿಶು ಹುಟ್ಟಿದ್ದು 1978ರ ಜುಲೈ 25ರಂದು. ಅದೇ ವರ್ಷ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ ಒಂದು ಹೆಣ್ಣುಮಗು ಹುಟ್ಟಿತು. ಭ್ರೂಣವನ್ನು ಹೆಪ್ಪುಗಟ್ಟಿಸಿಟ್ಟು ಬಳಸಿದ್ದರು. ಸರ್ಕಾರದ ಸಮಿತಿ ನಂಬಲಿಲ್ಲ. ಸರ್ಕಾರ ಅವರನ್ನು ವಿದೇಶಕ್ಕೆ ಹೋಗಿ ಹೇಳಲೂ ಬಿಡಲಿಲ್ಲ, ಕೊನೆಗೆ ಕಣ್ಣಿನ ಸಂಸ್ಥೆಗೆ ವರ್ಗ ಮಾಡಿತು. 1981ರ ಜೂನ್ 19ರಂದು ಅವರು ಪ್ರಾಣ ಕಳೆದುಕೊಂಡರು. 1986ರ ಆಗಸ್ಟ್ 6ರಂದು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದುಜಾ ಮತ್ತು ಡಾ. ಟಿ.ಸಿ. ಆನಂದ ಕುಮಾರ್ ಅವರ ಕೆಲಸದಿಂದ ಹುಟ್ಟಿದ ಮಗುವೇ ದೇಶದ ಮೊದಲನೆಯದು ಎಂದು ದಾಖಲಾಯಿತು. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಆನಂದ ಕುಮಾರ್ ಅವರ ಕೈಗೆ ಮುಖರ್ಜಿಯವರ ಟಿಪ್ಪಣಿಗಳು ಬಂದವು. ಓದಿದರು, ತೂಗಿದರು. 1997ರಲ್ಲಿ, ಮೊದಲನೆಯವನು ನಾನಲ್ಲ, ಅವರು ಎಂದು ಲೇಖನ ಬರೆದರು. ತನ್ನ ಕೀರ್ತಿಯನ್ನು ತಾನೇ ಬಿಟ್ಟುಕೊಟ್ಟ ಆ ಒಂದು ಲೇಖನಕ್ಕಾಗಿ ನಾನು ಅವರಿಗೆ ಕೈಮುಗಿಯುತ್ತೇನೆ. ಆದರೆ ಮುಖರ್ಜಿಯವರು ಹೋಗಿ ಹದಿನಾರು ವರ್ಷವಾಗಿತ್ತು.

ಆ ದಂಪತಿ ಮತ್ತೆ ಬರಲಿಲ್ಲ. ಬೇರೆ ಕಡೆ ಹೋದರೋ, ದುಡ್ಡು ಹೊಂದಲಿಲ್ಲವೋ ಗೊತ್ತಿಲ್ಲ. ಮುಂದಿನ ಸಲ ಮೊದಲಿಗೇ ಇಕ್ಸಿ ಮಾಡಿದ್ದರೆ ಅವರಿಗೆ ಒಳ್ಳೆಯ ಅವಕಾಶವಿತ್ತು. ಒಂದು ಸಲ ಹುಸಿ ಹೋದದ್ದು ಕೊನೆಯಲ್ಲ ಎಂದು ಅವತ್ತು ಬೆಂಚಿನ ಮೇಲೆ ಇನ್ನಷ್ಟು ಬಿಡಿಸಿ ಹೇಳಬೇಕಿತ್ತು. ಆಮೇಲೆ ಒಂದು ಹಾಳೆಯಲ್ಲಿ ನಮ್ಮ ಕಡೆಯ ಕನ್ನಡದಲ್ಲಿ ನಾಲ್ಕೇ ಸಾಲು ಬರೆದೆ. ಒಂದೂ ಕೂಡದ ದಿನ ಬರಬಹುದು. ಅದು ಯಾರ ತಪ್ಪೂ ಅಲ್ಲ. ರಾತ್ರಿ ಎಂಟಕ್ಕೆ ನೋಡಿ, ಕೂಡದಿದ್ದರೆ ಸೂಜಿಯಿಂದ ಮಾಡಲು ನಿಮ್ಮ ಒಪ್ಪಿಗೆ ಇದೆಯೇ? ಯೋಚನೆ ಮಾಡಿ, ನಾಳೆ ಹೇಳಿ.

ಹೋದ ತಿಂಗಳು ಅಕ್ಕಲಕೋಟೆ ಕಡೆಯ ಒಬ್ಬ ಹೆಣ್ಣುಮಗಳು ಅತ್ತೆಯನ್ನು ಕರೆದುಕೊಂಡು ಬಂದಿದ್ದಳು. ಗಂಡ ಹೊರಗೆ ಔಷಧಿ ತರಲು ಹೋಗಿದ್ದ. ಅತ್ತೆಗೆ ಓದಲು ಬಾರದು, ಹಾಳೆಯನ್ನು ನಾನೇ ಓದಿದೆ. ಎರಡನೇ ಸಾಲಿಗೆ ಬಂದಾಗ ಸೊಸೆ ತಲೆ ಎತ್ತಿ ಅಂದಳು: “ಅಕ್ಕಾರ, ಅದೊಂದು ಸಾಲು ಇನ್ನೊಮ್ಮೆ ಓದ್ರಿ. ಅತ್ತಿಗೆ ಕೇಳೂವಂಗ ಓದ್ರಿ.”

ಓದಿದೆ.